ಡಬ್ಬಿಗಿಂತ ಮುಚ್ಚಳ ಸಣ್ಣದಾದರೆ: ಮಗುವಿನ ಅಂಗುಳ ಅಗಲಿಸುವ ಮುನ್ನ

ಮಗಳಿಗೆ ಜಡೆ ಹಾಕುವಾಗ ಕನ್ನಡಿಯಲ್ಲಿ ಕಂಡಿತು. ಬೈತಲೆ ನೇರವಾಗಿತ್ತು, ಮೂಗೂ ನೇರವಾಗಿತ್ತು. ಗದ್ದ ಮಾತ್ರ ಚೂರು ಎಡಕ್ಕೆ ಸರಿದಿತ್ತು. ಬಾಯಿ ತೆರೆ ಪುಟ್ಟಿ ಎಂದೆ. ತೆರೆದಾಗ ಗದ್ದ ನಡುವಿಗೆ ಬಂತು. ಈಗ ನಿಧಾನಕ್ಕೆ ಮುಚ್ಚು ಎಂದೆ. ಹಲ್ಲಿಗೆ ಹಲ್ಲು ತಾಕಿತು ನೋಡಿ, ದವಡೆ ಪಕ್ಕಕ್ಕೆ ಜಾರಿಕೊಂಡಿತು. ಮೂರು ಸಲ ಮಾಡಿಸಿದೆ. ಮೂರು ಸಲವೂ ಎಡಕ್ಕೇ.

ಅವಳಿಗೆ ಆಗ ಏಳೂವರೆ ವರ್ಷ. ನಮ್ಮತ್ತೆ, "ಹಾಲುಹಲ್ಲು ಕಣಮ್ಮ, ಬಿದ್ದು ಹೊಸದು ಬಂದರೆ ಸರಿ ಹೋಗುತ್ತೆ" ಎಂದರು. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಬೆಳೆದವರು ಅವರು. ಸಮಾಧಾನವಾಗಲಿಲ್ಲ. ಇಲ್ಲೇ ತುಮಕೂರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಅವರು ಎರಡು ನಿಮಿಷ ನೋಡಿ, "ಈ ವಾರವೇ ಎಕ್ಸ್‌ಪ್ಯಾಂಡರ್ ಹಾಕಿಸಿ. ತಡ ಮಾಡಿದರೆ ಮೂಳೆ ಕೂಡಿಬಿಡುತ್ತೆ. ಉಸಿರಾಟ, ನಿದ್ದೆ ಎಲ್ಲಾ ಚೆನ್ನಾಗಾಗುತ್ತೆ, ಮುಂದೆ ಹಲ್ಲು ಕೀಳಿಸೋದೂ ತಪ್ಪುತ್ತೆ" ಎಂದರು. ಎಕ್ಸ್‌ಪ್ಯಾಂಡರ್ ಎಂದರೆ ಅಂಗುಳವನ್ನು ಅಗಲಿಸುವ ಸಾಧನ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವಿನ ಮುಖದ ಮೂಳೆಯನ್ನು ಸ್ಕ್ರೂ ಹಾಕಿ ಅಗಲಿಸುವುದು ಎಂದರೆ ಯಾವ ತಾಯಿಗೆ ಧೈರ್ಯ ಬಂದೀತು? ಹಾಗಂತ ಬೇಡ ಎಂದರೆ ಕಾಲ ಮೀರಿ ಹೋದರೆ?

ಈ ಎರಡು ಭಯದ ನಡುವೆ ಸಿಕ್ಕಿಕೊಂಡ ಅಪ್ಪ ಅಮ್ಮಂದಿರು ಜಾಸ್ತಿಯಾಗುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹಲ್ಲು ವಕ್ರವಾಗಿರುವುದು ಬೇರೆ, ಮೇಲ್ದವಡೆಯ ಮೂಳೆಯೇ ಕಿರಿದಾಗಿರುವುದು ಬೇರೆ. ಎಕ್ಸ್‌ಪ್ಯಾಂಡರ್ ಇರುವುದು ಎರಡನೆಯದಕ್ಕೆ. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ನಿಮ್ಮ ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಇಟ್ಟು, ಅಂಗುಳದ ನಡುವೆ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಒಂದು ಸಣ್ಣ ಗೆರೆ ತಾಕುತ್ತದೆ, ಅಲ್ವಾ? ಅದರ ಮೇಲ್ಗಡೆಯೇ ಎಡಗಡೆಯ ಮೂಳೆ ಮತ್ತು ಬಲಗಡೆಯ ಮೂಳೆ ಸೇರುವ ಜಾಗವಿದೆ. ಅಂಗುಳ ಒಂದೇ ಮೂಳೆಯಲ್ಲ, ಎರಡು ಹಲಗೆ ಜೋಡಿಸಿದಂತೆ ಇದೆ. ಪುಟ್ಟ ಮಕ್ಕಳಲ್ಲಿ ಈ ಜೋಡಣೆ ಸಡಿಲ. ನಡುವೆ ನಾರಿನಂಥ ಮೆತ್ತನೆಯ ಪದರವಿರುತ್ತದೆ, ಎರಡೂ ಅಂಚು ಹೆಚ್ಚುಕಮ್ಮಿ ನೇರವಾಗಿರುತ್ತವೆ. ವಯಸ್ಸಾದಂತೆ ಅಂಚುಗಳು ಅಂಕುಡೊಂಕಾಗುತ್ತವೆ. ಹದಿಹರೆಯದಲ್ಲಿ ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಅಲ್ಲಲ್ಲಿ ಮೂಳೆ ಬೆಸೆದುಕೊಳ್ಳುತ್ತದೆ.

ಮೆತ್ತಗಿರುವಾಗ ಎರಡೂ ಕಡೆಗೆ ಸ್ವಲ್ಪಸ್ವಲ್ಪವೇ ಒತ್ತಿದರೆ ಜೋಡಣೆ ತೆರೆದುಕೊಳ್ಳುತ್ತದೆ. ತೆರೆದ ಜಾಗದಲ್ಲಿ ದೇಹವೇ ಹೊಸ ಮೂಳೆ ಕಟ್ಟುತ್ತದೆ. ಮುರಿದ ಕೈಮೂಳೆ ಕೂಡಿಕೊಳ್ಳುವುದೂ ಮೂಳೆಗಿರುವ ಇದೇ ಗುಣದಿಂದ.

ಇದನ್ನು ಮೊದಲು ಬರೆದಿಟ್ಟವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯ ಎಮರ್ಸನ್ ಏಂಜೆಲ್. ಅದು 1860. 14 ವರ್ಷದ ಒಬ್ಬ ಹುಡುಗಿಯ ಮೇಲಿನ ಹಲ್ಲುಗಳ ನಡುವೆ ಸ್ಕ್ರೂ ಇಟ್ಟು, ಅದನ್ನು ತಿರುಗಿಸಲು ಅವಳ ಕೈಗೇ ಕೀಲಿ ಕೊಟ್ಟರು. ಎರಡು ವಾರದಲ್ಲಿ ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿಟ್ಟಿತು. ಮೂಳೆಯೇ ಬೇರೆಯಾಗಿದೆ ಎಂದು ಅವರು ಹೇಳಿದರು. ಹಲವರು ನಂಬಲಿಲ್ಲ. ಎಕ್ಸ್‌ರೇ ಬಂದಿದ್ದೇ 1895ರಲ್ಲಿ, ಅಂದ ಮೇಲೆ ಏಂಜೆಲ್ ತೋರಿಸುವುದಾದರೂ ಹೇಗೆ? ಒಂದು ಶತಮಾನವೇ ಕಳೆದ ಮೇಲೆ ಆಂಡ್ರೂ ಹಾಸ್ ಎಂಬ ವೈದ್ಯರು ಹಂದಿಗಳ ಮೇಲೆ ಪ್ರಯೋಗ ಮಾಡಿ, ನಂತರ ರೋಗಿಗಳಲ್ಲೂ ನೋಡಿ, 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಂದ ಈ ಚಿಕಿತ್ಸೆ ಮತ್ತೆ ಬಳಕೆಗೆ ಬಂತು.

ಹಾಗಾದರೆ ಯಾವ ಮಗುವಿಗೆ ಇದು ಬೇಕು? ಮನೆಯ ಸ್ಟೀಲ್ ಡಬ್ಬಿಯನ್ನು ನೋಡಿ. ಮುಚ್ಚಳ ಡಬ್ಬಿಗಿಂತ ಚೂರು ದೊಡ್ಡದಿದ್ದರೇ ಸರಿಯಾಗಿ ಕೂರುವುದು. ಬಾಯಿಯೂ ಹಾಗೇ. ಮೇಲಿನ ಹಲ್ಲುಸಾಲು ಕೆಳಗಿನ ಸಾಲನ್ನು ಸುತ್ತಲೂ ಹೊರಗಿನಿಂದ ಆವರಿಸಬೇಕು. ಮೇಲಿನ ದವಡೆಹಲ್ಲುಗಳು ಕೆಳಗಿನವಕ್ಕಿಂತ ಒಳಗೆ ಕೂತರೆ ಅದಕ್ಕೆ ಕ್ರಾಸ್ ಬೈಟ್ ಎನ್ನುತ್ತಾರೆ.

ನನ್ನ ಮಗಳದು ಎಡಗಡೆ ಮಾತ್ರ ಹಾಗಿತ್ತು. ಬಲಗಡೆ ಸರಿಯಾಗಿ ಕಾಣುತ್ತಿತ್ತು. ಒಂದೇ ಕಡೆ ತೊಂದರೆ ಇದ್ದರೆ ಎರಡೂ ಕಡೆ ಯಾಕೆ ಅಗಲಿಸಬೇಕು? ಇನ್ನೊಂದು ಅಭಿಪ್ರಾಯಕ್ಕೆ ದಂತ ಕಾಲೇಜೊಂದರ ಆರ್ಥೋಡಾಂಟಿಕ್ಸ್, ಅಂದರೆ ವಕ್ರ ಹಲ್ಲು ದವಡೆ ಸರಿಪಡಿಸುವ ವಿಭಾಗಕ್ಕೆ ಹೋದಾಗ ಇದನ್ನೇ ಕೇಳಿದೆ. ಅಲ್ಲಿನ ಮೇಡಂ ಮಗಳ ಹಲ್ಲಿನ ಅಚ್ಚು ತೆಗೆದು, ಸುಣ್ಣದಷ್ಟು ಬಿಳಿಯ ಎರಡು ಮಾದರಿ ಮಾಡಿಸಿದ್ದರು. ಮೇಲಿನದನ್ನು ಕೆಳಗಿನದರ ಮೇಲೆ ನಡುವಿಗೆ ಸರಿಯಾಗಿ ಕೂರಿಸಿ ನನ್ನ ಕೈಗೆ ಕೊಟ್ಟರು. ಆಗ ಕಂಡಿತು. ಎರಡೂ ಕಡೆ ಮೇಲಿನ ಹಲ್ಲು ಕೆಳಗಿನ ಹಲ್ಲುಗಳು ತುದಿಗೆ ತುದಿ ತಾಕುತ್ತಿದ್ದವು. ಯಾವ ಕಡೆಯೂ ಸರಿಯಾಗಿ ಕೂರುತ್ತಿರಲಿಲ್ಲ. ಹಾಗೆ ತುದಿಯ ಮೇಲೆ ತುದಿ ಇಟ್ಟು ಅಗಿಯಲು ಆಗುವುದಿಲ್ಲ. ಅದಕ್ಕೇ ಮಗು ಕೆಳದವಡೆಯನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು ಅಗಿಯುತ್ತದೆ. ಒಂದೇ ಕಡೆ ಕಾಣುವ ಕ್ರಾಸ್ ಬೈಟ್ ಬಹಳಷ್ಟು ಮಕ್ಕಳಲ್ಲಿ ಹೀಗೆ ಎರಡೂ ಕಡೆಯ ಕಿರಿದುತನವೇ.

ಬೇಗ ಸರಿಪಡಿಸಬೇಕು ಎನ್ನುವುದೂ ಇದಕ್ಕೇ. ಬೆಳೆಯುವ ಮಗು ವರ್ಷಗಟ್ಟಲೆ ದವಡೆಯನ್ನು ಪಕ್ಕಕ್ಕೆ ಇಟ್ಟುಕೊಂಡೇ ಅಗಿದರೆ, ಆ ಓರೆಯಲ್ಲೇ ಮೂಳೆ ಬೆಳೆಯಬಹುದು. ಆಗ ಬರೀ ಅಭ್ಯಾಸವಾಗಿದ್ದದ್ದು ಮುಖದ ಆಕಾರವಾಗುತ್ತದೆ. 7ರಿಂದ 11 ವರ್ಷದ ಮಕ್ಕಳ ಕ್ರಾಸ್ ಬೈಟ್‌ಗೆ ಚಿಕಿತ್ಸೆ ಕೊಟ್ಟರೆ, ಕೊಡದೆ ಬಿಟ್ಟದ್ದಕ್ಕಿಂತ ಚೆನ್ನಾಗಿ ಸರಿಹೋಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2021ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ತೆಗೆದು ಹಾಕುವ ಪ್ಲೇಟಿಗಿಂತ, ಹಲ್ಲಿಗೇ ಅಂಟಿಸುವ ಕ್ವಾಡ್ ಹೀಲಿಕ್ಸ್ ಎಂಬ ತಂತಿಯ ಸಾಧನ ಹೆಚ್ಚು ಕೆಲಸ ಮಾಡುತ್ತದೆ ಎಂದೂ ಅದರಲ್ಲಿದೆ. ತೆಗೆಯಲು ಬಂದರೆ ಮಕ್ಕಳು ತೆಗೆದಿಡುತ್ತಾರೆ, ಅದು ಎಲ್ಲರ ಮನೆಯ ಕಥೆ.

ಆದರೆ "ಈ ವಾರವೇ" ಎನ್ನುವ ಅವಸರಕ್ಕೆ ಆಧಾರವಿಲ್ಲ. ಏಳು ವರ್ಷದ ಮಗುವಿನ ಅಂಗುಳ ಮುಂದಿನ ತಿಂಗಳು ಬೆಸೆದುಕೊಂಡು ಬಿಡುವುದಿಲ್ಲ. ಸಾಮಾನ್ಯವಾಗಿ ಹದಿಹರೆಯದ ಬೆಳವಣಿಗೆಯ ಓಟ ಮುಗಿಯುವವರೆಗೂ ಅದು ತೆರೆದುಕೊಳ್ಳುತ್ತದೆ, ಹುಡುಗಿಯರಲ್ಲಿ ಸ್ವಲ್ಪ ಬೇಗ ಬಿಗಿಯಾಗುತ್ತದೆ. ಎರಡು ತಿಂಗಳು ಯೋಚಿಸಲು, ಇನ್ನೊಬ್ಬರನ್ನು ಕೇಳಲು ಖಂಡಿತ ಸಮಯವಿದೆ. ನಾಲ್ಕೈದು ವರ್ಷದ ಮಗುವಾದರೆ ಅವಸರ ಇನ್ನೂ ಕಡಿಮೆ. ಹೆಬ್ಬೆರಳು ಚೀಪುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿಸಬೇಕು. ಬೆರಳು ಬಾಯಲ್ಲಿದ್ದರೆ ನಾಲಿಗೆ ಅಂಗುಳಕ್ಕೆ ಒರಗದೆ ಕೆಳಗೆ ಬೀಳುತ್ತದೆ, ಕೆನ್ನೆ ಒಳಕ್ಕೆ ಒತ್ತುತ್ತದೆ, ಮೇಲಿನ ಸಾಲು ಕಿರಿದಾಗುತ್ತದೆ. ಅಭ್ಯಾಸ ಬಿಟ್ಟ ಮೇಲೆ ಕೆಲವು ಮಕ್ಕಳಿಗೆ ತಾನಾಗೇ ಸರಿಹೋಗುವುದೂ ಉಂಟು. ಜೊತೆಗೆ ಸಾಧನವನ್ನು ಕಟ್ಟಲು ಗಟ್ಟಿ ಹಲ್ಲು ಬೇಕು. ಆರು ವರ್ಷದ ಸುಮಾರಿಗೆ ಹಿಂದೆ ಬರುವ ದವಡೆಹಲ್ಲು ಅದಕ್ಕೆ ಒಳ್ಳೆಯ ಆಧಾರ. ಅದು ಪೂರ್ತಿ ಮೇಲೆ ಬರುವವರೆಗೆ ಕಾಯುವುದೇ ಲೇಸು.

ಉಸಿರಾಟದ ವಿಚಾರಕ್ಕೆ ಬರೋಣ. ಅಂಗುಳ ಬಾಯಿಗೆ ಚಾವಣಿ, ಮೂಗಿಗೆ ನೆಲ. ಹಾಗಾಗಿ ಅದು ಅಗಲವಾದರೆ ಮೂಗಿನ ಒಳಗೂ ಸ್ವಲ್ಪ ಜಾಗವಾಗುವುದು ನಿಜ. ಅಷ್ಟಕ್ಕೇ ಗೊರಕೆ ನಿಲ್ಲುತ್ತದೆ, ಓದು ಸುಧಾರಿಸುತ್ತದೆ ಎಂದು ಮಾತು ಕೊಡಲು ಬರುವುದಿಲ್ಲ. ಹಲ್ಲು ದವಡೆಗೆ ಬೇಕಾದ ಕಾರಣವೇ ಇಲ್ಲದಿದ್ದರೆ, ನಿದ್ದೆಯ ಉಸಿರುಕಟ್ಟುವಿಕೆಗೆಂದೇ ಎಕ್ಸ್‌ಪ್ಯಾಂಡರ್ ಹಾಕಬಾರದು ಎಂದು ಅಮೆರಿಕದ ಆರ್ಥೋಡಾಂಟಿಸ್ಟರ ಸಂಘವೇ 2019ರ ವರದಿಯಲ್ಲಿ ಹೇಳಿದೆ. ಮಗು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದೇ ಮಲಗುತ್ತಿದ್ದರೆ, ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಮಕ್ಕಳಲ್ಲಿ ಬಹಳ ಸಲ ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ, ಗಂಟಲಿನ ಟಾನ್ಸಿಲ್ ಊದಿಕೊಂಡಿರುತ್ತವೆ. ಅದನ್ನು ಬಿಟ್ಟು ಅಂಗುಳದ ಹಿಂದೆ ಬಿದ್ದರೆ ಮಗುವಿನ ನಿಜವಾದ ಕಾಯಿಲೆ ಹಾಗೇ ಉಳಿಯುತ್ತದೆ.

ಮುಂದೆ ಹಲ್ಲು ಕೀಳಿಸುವುದು ತಪ್ಪುತ್ತದೆ ಎಂಬ ಮಾತೂ ಅಷ್ಟೇ, ಅಳೆದು ನೋಡಬೇಕಾದದ್ದು. ಮೇಲ್ದವಡೆ ಅಗಲವಾದರೆ ಮೇಲೆ ಒಂದಿಷ್ಟು ಜಾಗ ಸಿಗುತ್ತದೆ. ಆದರೆ ಕೆಳದವಡೆಯ ನಡುವಿನ ಜೋಡಣೆ ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲೇ ಬೆಸೆದಿರುತ್ತದೆ. ಅಲ್ಲಿ ಅಗಲಿಸಲು ಬಾಗಿಲೇ ಇಲ್ಲ. ಕ್ರಾಸ್ ಬೈಟ್ ಇಲ್ಲದ ಮಗುವಿಗೆ ಸುಮ್ನೆ ಮುನ್ನೆಚ್ಚರಿಕೆಗೆಂದು ಮೇಲಿನದನ್ನು ಹಿಗ್ಗಿಸಿದರೆ ಮುಚ್ಚಳ ಡಬ್ಬಿಗಿಂತ ಬಹಳ ದೊಡ್ಡದಾದೀತು. ಇನ್ನು, ಏಳೆಂಟರ ವಯಸ್ಸಿನಲ್ಲಿ ಮುಂದಿನ ಹಲ್ಲುಗಳು ಬೀಸಣಿಗೆಯ ಹಾಗೆ ಬಿಡಿಸಿಕೊಂಡು, ನಡುವೆ ಸಂದಿ ಇರುವುದು ಬೆಳವಣಿಗೆಯ ಒಂದು ಹಂತ. ಕೋರೆಹಲ್ಲು ಬಂದಾಗ ಅದು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ನೋಡಿ ಹೆದರಬೇಕಿಲ್ಲ.

ನಮ್ಮ ಮಗಳಿಗೆ ಕಾರಣ ಸ್ಪಷ್ಟವಿತ್ತು. ಹಾಕಿಸಿದೆವು. ಹಾಕಿಸುವ ಮೊದಲು ಒಂದು ಹುಳುಕು ಹಲ್ಲು ತುಂಬಿಸಿದರು, ಯಾಕೆಂದರೆ ಸಾಧನದ ಸುತ್ತ ಅನ್ನ ಸಿಕ್ಕಿಕೊಂಡು ಹುಳುಕು ಹೆಚ್ಚುತ್ತದೆ. ಪಾವಗಡದ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದ ಒಬ್ಬ ಹುಡುಗ ಅಂದು ನಮ್ಮ ಪಕ್ಕ ಕೂತಿದ್ದ. ಅವನ ಹಲ್ಲಿನ ಮೇಲೆ ಫ್ಲೋರೈಡ್ ನೀರಿನ ಕಂದು ಕಲೆಗಳಿದ್ದವು. ಅಂಥ ಹಲ್ಲಿಗೆ ಕ್ಲಿಪ್ಪು ಅಂಟಿಸಿದರೆ ಬೇಗ ಬಿಟ್ಟುಕೊಳ್ಳಬಹುದು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಮಕ್ಕಳಿಗೆ ಕೊಡುತ್ತಿರುವ ಇನ್ನೊಂದು ಕಷ್ಟ ಇದು. ಬಹಳ ನೋವಾಯಿತು.

ಎಕ್ಸ್‌ಪ್ಯಾಂಡರ್ ಎಂದರೆ ನಡುವೆ ಒಂದು ಸಣ್ಣ ಸ್ಕ್ರೂ, ಅದರಿಂದ ಎರಡೂ ಕಡೆಗೆ ಹೋಗುವ ದಪ್ಪ ತಂತಿ, ತುದಿಯಲ್ಲಿ ದವಡೆಹಲ್ಲಿಗೆ ತೊಡಿಸುವ ಉಂಗುರ. ಸಿಮೆಂಟ್ ಹಾಕಿ ಕೂರಿಸುತ್ತಾರೆ. ತಿರುಗಿಸುವ ಕೆಲಸ ನಮ್ಮದು. ಮಗಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅವರಪ್ಪ ಮೊಬೈಲ್ ಟಾರ್ಚ್ ಹಿಡಿಯುತ್ತಿದ್ದರು. ಕೀಲಿಗೆ ದಾರ ಕಟ್ಟಿ ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿದ್ದೆ, ಜಾರಿ ಗಂಟಲಿಗೆ ಬೀಳಬಾರದಲ್ಲ. ಸ್ಕ್ರೂವಿನ ಮುಂದಿನ ತೂತಿಗೆ ಕೀಲಿ ಇಟ್ಟು ಗಂಟಲ ಕಡೆಗೆ ತಳ್ಳಬೇಕು. ಅದರ ನಂತರದ ತೂತು ಪೂರ್ತಿ ಕಾಣಿಸಿದರೆ ಒಂದು ಸಲ ತಿರುಗಿಸಿದ ಲೆಕ್ಕ. ಒಂದು ಸಲಕ್ಕೆ ಕಾಲು ಮಿ.ಮೀ. ಅಷ್ಟೇ. ಮೊದಲ ದಿನ ನನ್ನ ಕೈ ನಡುಗಿತು. ಅವಳು, "ಅಮ್ಮಾ, ಮೂಗಿನ ಹತ್ರ ಜುಂ ಅಂತಿದೆ" ಎಂದಳು. ಐದು ನಿಮಿಷದಲ್ಲಿ ಎದ್ದು ಆಡಲು ಹೋದಳು.

ದೊಡ್ಡ ಮಕ್ಕಳಿಗೆ ದಿನಕ್ಕೆ ಒಂದೆರಡು ಸಲ ತಿರುಗಿಸುತ್ತಾರೆ. ಆಗ ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದಿ ಬಿಟ್ಟು, ಕೆಲವು ತಿಂಗಳಲ್ಲಿ ತಾನೇ ಮುಚ್ಚುತ್ತದೆ. ಪುಟ್ಟ ಮಕ್ಕಳ ಮೂಳೆಗೆ ಅಷ್ಟು ಜೋರು ಬೇಕಿಲ್ಲ, ಅದು ಮೂಗಿನ ಆಕಾರವನ್ನೂ ಕೆಡಿಸಬಹುದು. ನಮಗೆ ದಿನ ಬಿಟ್ಟು ದಿನ ಒಂದು ಸಲ ಎಂದಿದ್ದರು. ಅವಳ ಹಲ್ಲಿನ ನಡುವೆ ಬಿಟ್ಟಿದ್ದು ರಾಗಿಕಾಳಿನಷ್ಟು ಸಂದಿ. 24 ಸಲ ತಿರುಗಿಸಲು ಏಳು ವಾರ ಹಿಡಿಯಿತು, ಒಟ್ಟು 6 ಮಿ.ಮೀ. ಅದರಲ್ಲಿ ಎಲ್ಲವೂ ಮೂಳೆ ಅಗಲವಾಗಿದ್ದಲ್ಲ, ಸ್ವಲ್ಪ ಹಲ್ಲುಗಳು ಹೊರಕ್ಕೆ ವಾಲಿದ್ದೂ ಸೇರಿದೆ. ವಾಲಿದ್ದು ಒಂದಿಷ್ಟು ಹಿಂದಕ್ಕೆ ಬರುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ಅಗಲಿಸುತ್ತಾರೆ.

ನನಗೆ ಯಾರೂ ಮುಂಚೆ ಹೇಳದಿದ್ದ ವಿಷಯ ಮಾತಿನದು. ಟ, ಡ, ಣ, ಳ ಹೇಳಿ ನೋಡಿ. ನಾಲಿಗೆ ಮಡಚಿ ಅಂಗುಳಕ್ಕೆ ತಾಕುತ್ತದೆ. ಅಲ್ಲೇ ಈ ಕಬ್ಬಿಣ ಕೂತಿರುವುದು. ಮೊದಲ ವಾರ ಅವಳ ಬಾಯಲ್ಲಿ "ಬಾಳೆಹಣ್ಣು" ಹೊರಡಲೇ ಇಲ್ಲ. ಶಾಲೆಯಲ್ಲಿ ಪದ್ಯ ಓದುವಾಗ ಮಕ್ಕಳು ನಕ್ಕರೆಂದು ಅತ್ತುಕೊಂಡು ಬಂದಳು. ಅವಳ ಮಿಸ್ ಹತ್ತಿರ ಹೋಗಿ ವಿಷಯ ತಿಳಿಸಿದೆ. ರಾತ್ರಿ ಇಬ್ಬರೂ ಕೂತು "ಹಳ್ಳಿ, ಮಳೆ, ಕಣ್ಣು" ಎಂದು ಗಟ್ಟಿಯಾಗಿ ಹೇಳುತ್ತಿದ್ದೆವು. ಹತ್ತು ದಿನಕ್ಕೆ ನಾಲಿಗೆ ದಾರಿ ಕಂಡುಕೊಂಡಿತು.

ಊಟಕ್ಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಹಳ ಅನುಕೂಲವಾಯಿತು. ಮುದ್ದೆ ಮೆತ್ತಗಿದೆ ಎಂದುಕೊಂಡರೆ ಅದು ಹೋಗಿ ಸ್ಕ್ರೂ ಸಂದಿಯಲ್ಲಿ ಮೆತ್ತಿಕೊಳ್ಳುತ್ತಿತ್ತು. ಸೂಜಿ ತೆಗೆದ ಸಿರಿಂಜಿನಲ್ಲಿ ಬಿಸಿನೀರು ಚಿಮ್ಮಿಸಿ ತೊಳೆಯುವುದನ್ನು ಕಲಿತೆವು. ಕೊಬ್ಬರಿ ಮಿಠಾಯಿ, ಚಕ್ಕುಲಿ ಪೂರ್ತಿ ಬಂದ್. ಹಲಸಿನ ಕಾಲದಲ್ಲಿ ತೊಳೆ ತಿನ್ನಲಾಗದೆ ಅವಳು ಪಟ್ಟ ಸಂಕಟ ನೋಡಿ ಅತ್ತೆಯೂ ತಿನ್ನುವುದು ಬಿಟ್ಟರು.

ತಿರುಗಿಸುವುದು ಮುಗಿದ ಮೇಲೆ ತಕ್ಷಣ ತೆಗೆಯಬೇಡಿ ಎಂದು ನಾವೇ ಕೇಳಿಕೊಳ್ಳಬೇಕು. ತೆರೆದ ಜಾಗದಲ್ಲಿ ಮೂಳೆ ತುಂಬಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ನಮಗೆ ಐದು ತಿಂಗಳು ಹಾಗೇ ಬಿಟ್ಟಿದ್ದರು. ಹೋದ ತಿಂಗಳು ತೆಗೆದರು. ಅಂಗುಳದ ಮೇಲೆ ತಂತಿಯ ಕೆಂಪು ಗುರುತಿತ್ತು, ನಾಲ್ಕು ದಿನದಲ್ಲಿ ಹೋಯಿತು. ಈಗ ಬಾಯಿ ಮುಚ್ಚಿದಾಗ ದವಡೆ ಜಾರುವುದಿಲ್ಲ. ಮೇಲಿನ ಎಡಗಡೆಯ ಕೋರೆಹಲ್ಲಿಗೆ ಜಾಗ ಸಾಲದೇನೋ, ಹನ್ನೆರಡು ಹದಿಮೂರರ ಹೊತ್ತಿಗೆ ಕ್ಲಿಪ್ ಬೇಕಾಗಬಹುದು ಎಂದು ಮೇಡಂ ಹೇಳಿದ್ದಾರೆ. ಆರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿ, ಆ ಬಿಳಿಯ ಮಾದರಿಗಳನ್ನು ಅವಳ ಹೆಸರು ಬರೆದ ಡಬ್ಬಿಯಲ್ಲಿ ಎತ್ತಿಟ್ಟುಕೊಂಡರು.