ಒಂದೇ ಉಸಿರು, ನಾಲ್ಕು ಕಣ್ಣು

ಶಿರಸಿ ಹತ್ತಿರದ ನಮ್ಮೂರ ಕೆರೆಯಲ್ಲಿ ಬೇಸಿಗೆ ರಜೆ ಪೂರ್ತಿ ಒಂದೇ ಪಂದ್ಯ ನಡೆಯುತ್ತಿತ್ತು. ಮುಳುಗು ಹಾಕಿ ಯಾರು ಜಾಸ್ತಿ ಹೊತ್ತು ಇರುತ್ತಾರೆ ಅಂತ. ದಂಡೆಯಲ್ಲಿ ಕೂತ ಒಬ್ಬ ಎಣಿಸುತ್ತಿದ್ದ. ದೊಡ್ಡಪ್ಪನ ಮಗ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ನೀರಿಗಿಳಿಯುವ ಮೊದಲು ಇಪ್ಪತ್ತು ಸಲ ಜೋರಾಗಿ, ಬೇಗ ಬೇಗ ಉಸಿರಾಡುವುದು. ಹಾಗೆ ಮಾಡಿದರೆ ಉಸಿರು ಕಟ್ಟುವುದೇ ಇಲ್ಲ ಅನ್ನುತ್ತಿದ್ದ. ನಿಜಕ್ಕೂ ಅವನೇ ಗೆಲ್ಲುತ್ತಿದ್ದ.

ಒಂದು ದಿನ ಎಣಿಕೆ ತೊಂಬತ್ತು ದಾಟಿದರೂ ಅವನು ಏಳಲಿಲ್ಲ. ಬೆನ್ನು ಮಾತ್ರ ಮೇಲೆ ಕಾಣುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಅತ್ತೆ ಹಾಗೇ ನೀರಿಗೆ ಹಾರಿ ಅವನ ಕೂದಲು ಹಿಡಿದು ಎಳೆದರು. ದಂಡೆಗೆ ಬಂದ ಮೇಲೆ ಕೆಮ್ಮಿದ, ಕಣ್ಣು ಬಿಟ್ಟ. "ನಾನೇ ಗೆದ್ದಿದ್ದಲ್ದಾ?" ಅಂತ ಕೇಳಿದ. ಎಚ್ಚರ ತಪ್ಪಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ಎಷ್ಟೋ ವರ್ಷಗಳ ನಂತರ ನಾನು ಫ್ರೀಡೈವಿಂಗ್ ಕಲಿಯಲು ಹೋದಾಗ ಶಿಕ್ಷಕರು ಮೊದಲ ದಿನ ಹೇಳಿದ್ದು ಇದೇ ಸಂಗತಿ. ಬೆನ್ನಿಗೆ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ನೀರಿಗಿಳಿದು ಮೇಲೆ ಬರುವುದು ಫ್ರೀಡೈವಿಂಗ್. ದೊಡ್ಡ ಶ್ವಾಸಕೋಶ ಇದ್ದವರ ಆಟ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಮೊದಲು ಅರ್ಥ ಆಗಬೇಕಾದದ್ದು ಉಸಿರು ಕಟ್ಟುವ ಸಂಕಟ ಎಲ್ಲಿಂದ ಬರುತ್ತದೆ ಅನ್ನುವುದು.

ಆಮ್ಲಜನಕ ಮುಗಿದಾಗ ಉಸಿರು ಕಟ್ಟುತ್ತದೆ ಅಂತಲೇ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ದೇಹ ಮುಖ್ಯವಾಗಿ ಅಳೆಯುವುದು ಬೇರೆ ಅನಿಲವನ್ನು. ಉಸಿರು ಹಿಡಿದಷ್ಟು ಹೊತ್ತೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಅದು ಒಂದು ಮಟ್ಟ ಮುಟ್ಟಿದಾಗ ಮಿದುಳು ಗಂಟೆ ಬಾರಿಸುತ್ತದೆ. ಎದೆ ಬಿಗಿಯುತ್ತದೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ವಪೆ ತಾನಾಗಿಯೇ ಕುಣಿಯಲು ಶುರು ಮಾಡುತ್ತದೆ. ಆ ಹೊತ್ತಿಗೆ ಸಾಮಾನ್ಯವಾಗಿ ಆಮ್ಲಜನಕ ಇನ್ನೂ ಉಳಿದಿರುತ್ತದೆ. ನಾವು ಹೊರಗೆ ಬಿಡುವ ಗಾಳಿಯಲ್ಲೂ ಸುಮಾರು ಶೇ. 16ರಷ್ಟು ಆಮ್ಲಜನಕ ಇರುತ್ತದೆ. ಒಳಗೆ ಎಳೆಯುವ ಗಾಳಿಯಲ್ಲಿರುವುದು ಶೇ. 21.

ಬೇಗ ಬೇಗ ಉಸಿರಾಡಿದರೆ ಆಗುವುದೇನು? ಆಮ್ಲಜನಕ ಹೆಚ್ಚುವುದಿಲ್ಲ. ಆರೋಗ್ಯವಂತರ ರಕ್ತ ಮೊದಲೇ ಹೆಚ್ಚುಕಡಿಮೆ ಪೂರ್ತಿ ತುಂಬಿಕೊಂಡಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಟುಹೋಗುತ್ತದೆ. ಅಂದರೆ ಉಗ್ರಾಣ ತುಂಬುವುದಿಲ್ಲ, ಗಂಟೆಯ ನಾಲಿಗೆ ಕಿತ್ತು ಹಾಕಿದ ಹಾಗೆ ಆಗುತ್ತದೆ. ಆಮ್ಲಜನಕ ಮುಗಿಯುತ್ತಾ ಬಂದರೂ ಸಂಕಟವೇ ಇಲ್ಲ. ಹಾಯಾಗಿದೆ ಅನ್ನಿಸುತ್ತಿರುವಾಗಲೇ ಎಚ್ಚರ ತಪ್ಪುತ್ತದೆ. ನಮ್ಮ ಕೆರೆಯಲ್ಲಿ ಆಗಿದ್ದು ಇದು. ಮಕ್ಕಳಿರುವ ಮನೆಯವರು ಇದೊಂದನ್ನು ದಯವಿಟ್ಟು ಹೇಳಿಕೊಡಿ. ಮುಳುಗುವ ಮೊದಲು ಜೋರು ಉಸಿರಾಟ ಬೇಡವೇ ಬೇಡ.

ಆಳ ಸೇರಿಕೊಂಡರೆ ಲೆಕ್ಕ ಇನ್ನೂ ತಿರುಗುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಮುದ್ರದ ಮೇಲ್ಮೈಯಲ್ಲಿ ಒತ್ತಡ 1 ವಾಯುಭಾರ. ಪ್ರತಿ 10 ಮೀಟರ್ ಇಳಿದಾಗಲೂ ಇನ್ನೊಂದು ವಾಯುಭಾರ ಸೇರುತ್ತದೆ. 20 ಮೀಟರಿನಲ್ಲಿ ಒಟ್ಟು 3. ಒಬ್ಬರು ಅಲ್ಲಿ ಜಾಸ್ತಿ ಹೊತ್ತು ಉಳಿದು, ಶ್ವಾಸಕೋಶದಲ್ಲಿ ಶೇ. 4ರಷ್ಟು ಮಾತ್ರ ಆಮ್ಲಜನಕ ಉಳಿದಿದೆ ಅಂದುಕೊಳ್ಳಿ. ರಕ್ತಕ್ಕೆ ಮುಖ್ಯವಾಗುವುದು ಶೇಕಡಾವಾರು ಅಲ್ಲ, ಆ ಅನಿಲದ ಪಾಲಿನ ಒತ್ತಡ. 3 ವಾಯುಭಾರದ ಶೇ. 4 ಅಂದರೆ 0.12. ದಂಡೆಯ ಮೇಲೆ ಆರಾಮಾಗಿ ಕೂತವರ ಶ್ವಾಸಕೋಶದಲ್ಲೂ ಇದು ಸುಮಾರು 0.13 ಇರುತ್ತದೆ. ಹಾಗಾಗಿ ತಳದಲ್ಲಿದ್ದವರಿಗೆ ಏನೂ ತೊಂದರೆ ಕಾಣುವುದಿಲ್ಲ. ಈಗ ಅವರು ಮೇಲೆ ಬರುತ್ತಾರೆ. ದಾರಿಯಲ್ಲಿ ಖರ್ಚಾಗುವುದನ್ನು ಬಿಟ್ಟು ನೋಡಿದರೂ, ಮೇಲ್ಮೈಯಲ್ಲಿ ಅದೇ ಶೇ. 4ರ ಒತ್ತಡ ಬರೀ 0.04. ಮಿದುಳಿನ ದೀಪ ಆರಲು ಅಷ್ಟು ಸಾಕು. ಮೂರರಿಂದ ಎರಡಕ್ಕೆ ಇಳಿದರೆ ಒತ್ತಡದ ಮೂರರಲ್ಲೊಂದು ಪಾಲು ಹೋಗುತ್ತದೆ, ಎರಡರಿಂದ ಒಂದಕ್ಕೆ ಇಳಿದರೆ ಅರ್ಧವೇ ಹೋಗುತ್ತದೆ. ಅದಕ್ಕೇ ಬೆಳಕು ಕಾಣುವ, ಇನ್ನೇನು ತಲುಪಿದೆ ಅನ್ನಿಸುವ ಕೊನೆಯ 10 ಮೀಟರ್ ಅತಿ ಅಪಾಯದ ಜಾಗ.

ನಮ್ಮ ದೇಹಕ್ಕೆ ನೀರಿನ ನೆನಪೂ ಇದೆ. ಉಸಿರು ಹಿಡಿದು ಮುಖ ತಣ್ಣೀರಿನಲ್ಲಿ ಅದ್ದಿದರೆ ನಾಡಿ ನಿಧಾನವಾಗುತ್ತದೆ. ಕೈಕಾಲಿನ ರಕ್ತನಾಳ ಸಂಕುಚಿಸಿ ರಕ್ತ ಹೃದಯಕ್ಕೂ ಮಿದುಳಿಗೂ ಸರಿಯುತ್ತದೆ. ಹೊಟ್ಟೆಯ ಎಡಬದಿಯಲ್ಲಿರುವ ಗುಲ್ಮ (ಸ್ಪ್ಲೀನ್) ಹಿಂಡಿಕೊಂಡು, ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ. ಸೀಲ್‌ಗಳಲ್ಲಿ ಇರುವ ಗುಣವೇ ನಮ್ಮಲ್ಲೂ ಸಣ್ಣದಾಗಿ ಇದೆ. ತಲೆಮಾರುಗಳಿಂದ ಮುಳುಗಿ ಮೀನು ಹಿಡಿಯುವ ಇಂಡೋನೇಷ್ಯಾದ ಬಜಾವ್ ಜನರ ಗುಲ್ಮ ಪಕ್ಕದೂರಿನ ರೈತರದ್ದಕ್ಕಿಂತ ಸುಮಾರು ಶೇ. 50 ದೊಡ್ಡದು ಅಂತ 2018ರ ಸಂಶೋಧನೆ ತೋರಿಸಿತು.

ಮನುಷ್ಯ ಎಷ್ಟು ಆಳ ಹೋಗಬಹುದು ಅನ್ನುವುದರಲ್ಲಿ ವಿಜ್ಞಾನಿಗಳ ಲೆಕ್ಕವೂ ಒಮ್ಮೆ ತಪ್ಪಿತ್ತು. ಪೂರ್ತಿ ತುಂಬಿದ ಶ್ವಾಸಕೋಶ 6 ಲೀಟರ್ ಅಂತಿಟ್ಟುಕೊಳ್ಳಿ. 30 ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು, ಗಾಳಿ ಕುಗ್ಗಿ ಒಂದೂವರೆ ಲೀಟರ್. ಎಷ್ಟೇ ಉಸಿರು ಬಿಟ್ಟರೂ ಒಳಗೆ ಉಳಿಯುವ ಗಾಳಿ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಕೆಳಗೆ ಹೋದರೆ ಎದೆಗೂಡು ನಜ್ಜುಗುಜ್ಜಾಗುತ್ತದೆ ಅಂತ ಹೆದರಿದ್ದರು. 1968ರಲ್ಲಿ ಅಮೆರಿಕ ನೌಕಾಪಡೆಯ ರಾಬರ್ಟ್ ಕ್ರಾಫ್ಟ್ 73 ಮೀಟರ್ ಇಳಿದು ಮೇಲೆ ಬಂದರು. ಗಾಳಿ ಕುಗ್ಗಿದ ಜಾಗಕ್ಕೆ ರಕ್ತ ಬಂದು ತುಂಬಿಕೊಳ್ಳುತ್ತದೆ ಅನ್ನುವುದು ಅವರ ಮೇಲಿನ ಪರೀಕ್ಷೆಗಳಿಂದ ಗೊತ್ತಾಯಿತು. ಇದು ಪಳಗಿದವರ ಮಾತು. ಹವ್ಯಾಸಕ್ಕೆ ಕಲಿಯುವ ನಮಗೆ 10 ಮೀಟರೇ ಒಂದು ಲೋಕ.

ಆ 10 ಮೀಟರಿಗೆ ಅಡ್ಡ ನಿಲ್ಲುವುದು ಉಸಿರಲ್ಲ, ಕಿವಿ. ಎರಡು ಮೀಟರ್ ಇಳಿಯುವಷ್ಟರಲ್ಲಿ ಕಿವಿ ತಮಟೆ ಒಳಕ್ಕೆ ಒತ್ತಿ ನೋಯುತ್ತದೆ. ಗಂಟಲಿನಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ತೆರೆದು ಗಾಳಿ ಕಳಿಸಬೇಕು. ಮೂಗು ಹಿಡಿದು ಎದೆಯಿಂದ ಊದುವುದು ಹಳೆಯ ದಾರಿ. ತಲೆಕೆಳಗಾಗಿ ಇಳಿಯುವಾಗ ಅದು ಸರಿಯಾಗಿ ನಡೆಯುವುದಿಲ್ಲ. ನಾನು ಹಟ ಹಿಡಿದು ಹಾಗೇ ಊದಿ, ಕಿವಿ ನೋಯಿಸಿಕೊಂಡು ಎರಡು ವಾರ ನೀರಿಗಿಳಿಯಲಿಲ್ಲ.

ಕಲಿಯಬೇಕಾದದ್ದು ಜರ್ಮನಿಯ ವೈದ್ಯ ಹರ್ಮನ್ ಫ್ರೆಂಜೆಲ್ ಹೆಸರಿನ ವಿಧಾನ. ಇಲ್ಲಿ ಗಾಳಿ ತಳ್ಳುವುದು ಎದೆಯಲ್ಲ, ನಾಲಿಗೆ. ಕನ್ನಡ ವರ್ಣಮಾಲೆ ಬಾಯಿಪಾಠ ಮಾಡಿದವರಿಗೆ ಇದು ಅರ್ಧ ಬಂದ ಹಾಗೆಯೇ. ಕ ವರ್ಗ ನಾಲಿಗೆಯ ಬುಡದಲ್ಲಿ ಹುಟ್ಟುತ್ತದೆ, ತ ವರ್ಗ ಹಲ್ಲಿನ ಹತ್ತಿರ. ಮೂಗು ಹಿಡಿಯಿರಿ. ಭಾರ ಎತ್ತುವಾಗ ಬಿಗಿಹಿಡಿಯುವ ಹಾಗೆ ಗಂಟಲು ಮುಚ್ಚಿ. ನಾಲಿಗೆಯ ತುದಿಯನ್ನು 'ತ್' ಅನ್ನುವ ಜಾಗಕ್ಕೆ ಒತ್ತಿ, ಬುಡವನ್ನು 'ಕ್' ಅನ್ನುವ ಹಾಗೆ ಮೇಲಕ್ಕೂ ಹಿಂದಕ್ಕೂ ತಳ್ಳಿ. ಎರಡೂ ಕಿವಿಯಲ್ಲಿ 'ಟಕ್' ಅಂದರೆ ಬಂತು. ಕೈ ಹೊಟ್ಟೆಯ ಮೇಲಿಟ್ಟು ನೋಡಿ, ಹೊಟ್ಟೆ ಅಲುಗಬಾರದು. ಬಸ್ಸಿಗೆ ಕಾಯುವಾಗಲೂ ಮಾಡಬಹುದು, ಮೆಲ್ಲಗೆ ಮಾಡಿದರೆ ಸಾಕು. ನೀರಿನಲ್ಲಿ ನೋವು ಬರುವ ಮೊದಲೇ, ಮೀಟರಿಗೊಮ್ಮೆ ಮಾಡಬೇಕು. ನೋವು ಬಂತೋ, ವಾಪಸ್ ತಿರುಗಬೇಕು. ನೆಗಡಿ ಇದ್ದ ದಿನ ಸಮುದ್ರವೇ ಬೇಡ.

ಸಾಮಾನು ಆರಿಸುವಾಗ ಬೆಲೆಗಿಂತ ಈ ಒತ್ತಡದ ಲೆಕ್ಕವೇ ಮುಖ್ಯ. ಈಜುಕೊಳದ ಕನ್ನಡಕ ಇಲ್ಲಿ ನಡೆಯುವುದಿಲ್ಲ. ಅದರೊಳಗಿನ ಗಾಳಿಯೂ ಕುಗ್ಗುತ್ತದೆ, ಕಣ್ಣನ್ನು ಹೊರಕ್ಕೆ ಹೀರುತ್ತದೆ. ಮೂಗನ್ನೂ ಮುಚ್ಚುವ ಮಾಸ್ಕ್ ಇದ್ದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಸರಿಮಾಡಬಹುದು. ಆ ಗಾಳಿ ನಿಮ್ಮ ಒಂದೇ ಉಸಿರಿನಿಂದ ಹೋಗುವುದರಿಂದ ಮಾಸ್ಕಿನ ಒಳಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಲ್ಲಿ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮುಖಕ್ಕೆ ಸರಿ. ಮುಖ ನೀರಿನಲ್ಲಿಟ್ಟೇ ಬಾಯಿಂದ ಉಸಿರಾಡುವ ಸ್ನಾರ್ಕೆಲ್ ಸಾದಾ ಕೊಳವೆಯಾದರೆ ಸಾಕು. ಮುಳುಗುವ ಮುಂಚೆ ಅದನ್ನು ಬಾಯಿಂದ ತೆಗೆಯಬೇಕು. ಎಚ್ಚರ ತಪ್ಪಿದರೆ ಅದೇ ನೀರಿಗೆ ದಾರಿಯಾಗುತ್ತದೆ.

ಪಾದಕ್ಕೆ ಹಾಕಿ ಈಜುವ ಉದ್ದ ರೆಕ್ಕೆ, ಅಂದರೆ ಫಿನ್, ಕೊಳ್ಳುವಾಗ ಕಾರ್ಬನ್ನಿನದು ನೋಡಿ ಆಸೆಯಾಗುವುದು ಸಹಜ. ಕಲಿಯುವವರಿಗೆ ಮೆದು ಪ್ಲಾಸ್ಟಿಕ್ಕಿನದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಮ್ಮ ಕರಾವಳಿಯ ಬಂಡೆಗೆ ತಾಗಿದರೂ ತಡೆದುಕೊಳ್ಳುತ್ತದೆ. ಪಾದಕ್ಕೆ ಸರಿಯಾಗಿ ಕೂರಬೇಕು, ಅಷ್ಟೇ. ನಮ್ಮ ನೀರು ಬೆಚ್ಚಗಿನದಾದರೂ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆಯುತ್ತದೆ. ಒಂದು ಗಂಟೆ ಇದ್ದರೆ ನಡುಕ ಬರುತ್ತದೆ, ನಡುಗಿದರೆ ಆಮ್ಲಜನಕ ಖರ್ಚು. ತೆಳು ರಬ್ಬರ್ ಸೂಟು ಇದನ್ನು ತಡೆಯುತ್ತದೆ, ಜೆಲ್ಲಿ ಮೀನಿನ ಉರಿಯಿಂದಲೂ ಕಾಪಾಡುತ್ತದೆ.

ಸೂಟು ತೇಲಿಸುತ್ತದೆ, ಅದಕ್ಕೆ ಸೊಂಟಕ್ಕೆ ಸೀಸದ ತೂಕ. ಶಿರಸಿಯ ಕೆರೆಯಲ್ಲಿ ಸರಿಹೋದ ತೂಕ ಕಾರವಾರದ ಸಮುದ್ರದಲ್ಲಿ ಸಾಲುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ. 2.5 ಭಾರ, ಹೆಚ್ಚು ತೇಲಿಸುತ್ತದೆ. 60 ಕಿಲೋ ಮನುಷ್ಯನಿಗೆ ಒಂದೂವರೆ ಕಿಲೋ ವ್ಯತ್ಯಾಸ. ಹಾಗಂತ ಜಾಸ್ತಿ ಕಟ್ಟಬೇಡಿ. ಉಸಿರು ಪೂರ್ತಿ ಬಿಟ್ಟರೂ ತಲೆ ನೀರಿನ ಮೇಲಿರಬೇಕು. ಪಟ್ಟಿಯ ಬಕಲ್ ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು. ನೀರಿನ ಮೇಲೆ ತೇಲುವ ಬಣ್ಣದ ಬುರುಡೆ (ಬಾಯ್), ಅದರಿಂದ ನೇರ ಇಳಿಬಿಟ್ಟ ಹಗ್ಗ ಬೇಕೇಬೇಕು. ದೋಣಿಯವರಿಗೆ ನೀವು ಕಾಣಬೇಕಲ್ಲ!

ಕಾಳಿ ನದಿ ಸಮುದ್ರ ಸೇರುವ ಕಾರವಾರದ ದಂಡೆ ಕಣ್ಣಿಗೆ ಚೆಂದ, ಮುಳುಗಲು ಕೆಸರು. ತಿಳಿನೀರು ಬೇಕಾದರೆ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಮಳೆಗಾಲದಲ್ಲಿ ಯಾವುದೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಯ ಮೀನುಗಾರಿಕೆಗೇ ನಿಷೇಧ. ಆಗ ಮನೆಯಲ್ಲಿ ಕೂತು 'ಕ್' 'ತ್' ಅಭ್ಯಾಸ.

ಕಳೆದ ಡಿಸೆಂಬರಿನಲ್ಲಿ ನೇತ್ರಾಣಿಯ ಪಕ್ಕ ಹಗ್ಗ ಹಿಡಿದು ನಿಂತಿದ್ದೆವು, ನಾನೂ ದೊಡ್ಡಪ್ಪನ ಮಗನೂ. ಹೌದು, ಅವನೇ. ನಿಯಮ ಒಂದೇ: ಒಬ್ಬರು ಕೆಳಗೆ, ಒಬ್ಬರು ಮೇಲೆ. ದೋಣಿಯ ಹಿರಿಯರು "ತಮಾ, ಒಟ್ಟಿಗೆ ಇಳೀಬೇಡಿ ಮತ್ತೆ" ಅಂತ ಎರಡು ಸಲ ಹೇಳಿದ್ದರು. ನಾನು 9 ಮೀಟರಿನ ಗುರುತು ಮುಟ್ಟಿ ತಿರುಗಿದೆ. ಕೊನೆಯ ಕೆಲವು ಮೀಟರಿಗೆ ಅವನು ಇಳಿದು ಬಂದು ಎದುರಾದ. ನನ್ನ ಮುಖ ನೋಡುತ್ತಲೇ ಜೊತೆಗೆ ಮೇಲೇರಿದ. ಮೇಲೆ ಬಂದೆ, ಉಸಿರೆಳೆದೆ, ಸರಿ ಇದ್ದೇನೆ ಅಂತ ಕೈಸನ್ನೆ ಮಾಡಿದೆ. ಎಳೆದ ಗಾಳಿ ಮಿದುಳು ಮುಟ್ಟಲು ಕೆಲವು ಸೆಕೆಂಡು ಬೇಕು. ಉಸಿರಾಡಿದ ಮೇಲೂ ಎಚ್ಚರ ತಪ್ಪಿದವರಿದ್ದಾರೆ. ಅದಕ್ಕೇ ಅವನು ಕಣ್ಣು ತೆಗೆಯದೆ ಮೂವತ್ತರವರೆಗೆ ಎಣಿಸಿದ. ಕೆರೆದಂಡೆಯಲ್ಲಿ ನಾವು ಎಣಿಸುತ್ತಿದ್ದ ಹಾಗೆ, ಜೋರಾಗಿ. ಆಮೇಲೆ ಹಗ್ಗ ನನ್ನ ಕೈಗೆ ಕೊಟ್ಟು, ಮಾಸ್ಕ್ ಸರಿಮಾಡಿಕೊಂಡು, ನಿಧಾನವಾಗಿ ಉಸಿರಾಡತೊಡಗಿದ.