ರೇಡಾರ್ ಕಣ್ಣು ತಪ್ಪಿಸೋಕೆ ಎಷ್ಟು ದುಡ್ಡು?

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35 ಬಂತು, ರಷ್ಯಾದ ಸು-57 ಕೂಡ ಬಂತು. ಎರಡೂ ಸ್ಟೆಲ್ತ್ ಯುದ್ಧ ವಿಮಾನಗಳು. ಇಷ್ಟು ದುಡ್ಡು ಸುರಿದು ಇಂಥದ್ದನ್ನು ಕೊಳ್ಳಬೇಕಾ ಅನ್ನೋ ವಾದ ನಮ್ಮಲ್ಲೂ ಜೋರಾಯಿತು. ಈ ವಾದ ಬಹುತೇಕ ರೇಟಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ವಾಯುಪಡೆಗೆಂದು ಮಾಡಿದ ಎಫ್-35ಕ್ಕೆ ಸುಮಾರು 8 ಕೋಟಿ ಡಾಲರ್, ಅಂದರೆ ಹತ್ತಿರಹತ್ತಿರ 700 ಕೋಟಿ ರೂಪಾಯಿ. ನನ್ನನ್ನು ಕೇಳಿದರೆ, ಈ ಒಂದು ಅಂಕಿ ಹಿಡಿದು ಜಗಳವಾಡೋದು ದಂಡ.

ಮೊದಲು, ಕೊಟ್ಟ ದುಡ್ಡಿಗೆ ಸಿಗುವುದೇನು ನೋಡೋಣ. ಸ್ಟೆಲ್ತ್ ಅಂದರೆ ಮಾಯವಾಗುವುದಲ್ಲ, ತಡವಾಗಿ ಕಾಣಿಸುವುದು. ರೇಡಾರ್ ರೇಡಿಯೋ ಅಲೆ ಕಳಿಸುತ್ತದೆ, ವಿಮಾನಕ್ಕೆ ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಆ ಅಲೆ ಹೋಗುವಾಗಲೂ ಹರಡಿ ಸೊರಗುತ್ತದೆ, ಬರುವಾಗಲೂ ಸೊರಗುತ್ತದೆ. ಹಾಗಾಗಿ ದೂರ ಎರಡು ಪಟ್ಟಾದರೆ ವಾಪಸ್ ಬರುವ ಅಲೆಯ ಬಲ 16ನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿ. 200 ಕಿ.ಮೀ. ದೂರದಲ್ಲೇ ಸಿಕ್ಕಿಬೀಳುತ್ತಿದ್ದ ವಿಮಾನ 100 ಕಿ.ಮೀ. ಹತ್ತಿರ ಬರುವವರೆಗೂ ಕಾಣಬಾರದು ಅಂದರೆ ಅದರ ಪ್ರತಿಫಲನ 16ನೇ ಒಂದು ಭಾಗಕ್ಕೆ ಇಳಿಯಬೇಕು. 20 ಕಿ.ಮೀ.ವರೆಗೂ ಕಾಣಬಾರದು ಅಂದರೆ? 10,000ನೇ ಒಂದು ಭಾಗಕ್ಕೆ! ಅರೆಬರೆ ಸ್ಟೆಲ್ತ್‌ನಿಂದ ಹೆಚ್ಚೇನೂ ಗಿಟ್ಟುವುದಿಲ್ಲ ಅನ್ನುವುದು ಇದಕ್ಕೇ. ಆ ಮಟ್ಟ ಮುಟ್ಟಿದ ಮೇಲೂ ನೆಮ್ಮದಿಯಿಲ್ಲ. ಸರಿಯಾಗಿ ಕೂರದ ಒಂದು ಪ್ಯಾನೆಲ್ ಅಂಚು ಸಾಕು, ಅಲೆ ಅಲ್ಲಿಂದಲೇ ವಾಪಸ್ ಹೋಗುತ್ತದೆ.

ಅಷ್ಟು ಇಳಿಸೋಕೆ ಮುಖ್ಯ ದಾರಿ ಆಕಾರ. ಅಂಚುಗಳಿಂದ ಅಲೆ ಹೇಗೆ ಚದುರುತ್ತದೆ ಅಂತ ಲೆಕ್ಕ ಹಾಕುವ ವಿಧಾನವನ್ನು 1962ರಲ್ಲೇ ಪ್ರಕಟಿಸಿದವರು ಸೋವಿಯತ್ ವಿಜ್ಞಾನಿ ಪ್ಯೋತ್ರ್ ಉಫಿಮ್‌ಟ್ಸೆವ್. ತಮಾಷೆ ಅಂದರೆ, ಅದರ ಅನುವಾದ ಓದಿ ಮೊದಲು ಲಾಭ ಮಾಡಿಕೊಂಡದ್ದು ಅಮೆರಿಕದ ಲಾಕ್‌ಹೀಡ್ ಎಂಜಿನಿಯರುಗಳು. ಸ್ಟೆಲ್ತ್ ವಿಮಾನ ಎಫ್-117 ಹುಟ್ಟಿದ್ದು ಹಾಗೆ.

ಆಕಾರದ ಕೆಲಸ ಒಮ್ಮೆ ಮಾಡಿದರೆ ಮುಗಿಯಿತು. ತಲೆನೋವು ಮೈಮೇಲಿನ ಲೇಪನದ್ದು. ರೇಡಾರ್ ಅಲೆಯನ್ನು ಹೀರಿ ಶಾಖವಾಗಿಸುವ ಬಣ್ಣ ಅದು. ಕೆಲವು ಕಡೆ ಒಳಗಿನ ಪುಟ್ಟ ಭಾಗ ಬದಲಿಸಬೇಕಾದರೂ ಮೇಲಿನ ಲೇಪನ ಕೀಳಬೇಕು, ಆಮೇಲೆ ಸಂದು ತುಂಬಬೇಕು, ಮತ್ತೆ ಹಚ್ಚಬೇಕು, ಒಣಗಲು ಕಾಯಬೇಕು. ಎಫ್-35ರ ಬಿ ಮತ್ತು ಸಿ ಮಾದರಿಗಳಲ್ಲಿ ತುಂಬಾ ಎತ್ತರದಲ್ಲಿ ಶಬ್ದಕ್ಕಿಂತ ವೇಗವಾಗಿ ಜಾಸ್ತಿ ಹೊತ್ತು ಹಾರಿದರೆ ಬಾಲದ ಲೇಪನ ಗುಳ್ಳೆ ಏಳುವ ಸಮಸ್ಯೆ ಇತ್ತು. ಪೆಂಟಗನ್ ಅದನ್ನು ರಿಪೇರಿ ಮಾಡಲಿಲ್ಲ, ಅಷ್ಟು ಹೊತ್ತು ಹಾಗೆ ಹಾರಬೇಡಿ ಅಂತ ಮಿತಿ ಹಾಕಿತು!

ಈಗ ಖರ್ಚಿಗೆ ಬರೋಣ. ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯಂತೆ ತನ್ನ ಎಫ್-35ಗಳನ್ನು 2088ರವರೆಗೆ ಹಾರಿಸಿ, ನೋಡಿಕೊಳ್ಳಲು ಆ ದೇಶಕ್ಕೆ 1.58 ಲಕ್ಷ ಕೋಟಿ ಡಾಲರ್ ಬೇಕು. 2018ರ ಅಂದಾಜು 1.1 ಲಕ್ಷ ಕೋಟಿ ಇತ್ತು. ಹಾರಿಸಿ, ನೋಡಿಕೊಳ್ಳುವ ಈ ಖರ್ಚು ಆ ವಿಮಾನಗಳನ್ನು ಕೊಳ್ಳುವ ಖರ್ಚಿನ ಮೂರು ಪಟ್ಟಿಗಿಂತ ಜಾಸ್ತಿ. ಇದು ಆನೆ ಸಾಕುವ ವ್ಯವಹಾರ. ಇಷ್ಟಾದರೂ 2023ರ ಮಾರ್ಚ್‌ನಲ್ಲಿ ಹಾರಾಟಕ್ಕೆ ಸಜ್ಜಾಗಿದ್ದವು ಶೇಕಡಾ 55 ಮಾತ್ರ, ಅಂದರೆ 20ರಲ್ಲಿ 11. ತಪ್ಪೆಲ್ಲ ಲೇಪನದ್ದಲ್ಲ. ಬಿಡಿಭಾಗ ಸಿಗುತ್ತಿರಲಿಲ್ಲ, ರಿಪೇರಿ ಕೇಂದ್ರಗಳು ಸಾಲುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಬ್ರಿಟನ್ನಿನ ಎಫ್-35ಬಿ ತಿರುವನಂತಪುರದಲ್ಲಿ ಇಳಿದು ಕೆಟ್ಟು ನಿಂತಾಗಲೂ ಆ ದೇಶದಿಂದಲೇ ಎಂಜಿನಿಯರುಗಳು ಬರಬೇಕಾಯಿತು. ಅದು ವಾಪಸ್ ಹಾರಲು ತಿಂಗಳಿಗೂ ಮಿಕ್ಕಿ ಹಿಡಿಯಿತು.

ಹಾಗಂತ ಇದು ಸುಮ್ನೆ ದುಬಾರಿ ಆಟಿಕೆ ಅನ್ನೋರ ಜೊತೆಗೂ ನಾನಿಲ್ಲ. 2015ರಲ್ಲಿ ಎಫ್-35 ಅಣಕು ಕಾಳಗದಲ್ಲಿ ಹಳೆಯ ಎಫ್-16ಕ್ಕೆ ಸರಿಸಾಟಿಯಾಗಲಿಲ್ಲ ಅನ್ನೋ ವರದಿ ದೊಡ್ಡ ಸುದ್ದಿಯಾಗಿತ್ತು. ಆದರೆ ಶತ್ರು ನೋಡುವ ಮೊದಲೇ ಕ್ಷಿಪಣಿ ಬಿಡಲೆಂದು ಕಟ್ಟಿದ ವಿಮಾನವನ್ನು ಗಿರಕಿ ಹೊಡೆಯುವ ಕಾಳಗದಲ್ಲಿ ಅಳೆದು ಏನು ಬಂತು? ಅದರ ನಿಜವಾದ ಮಿತಿ ಬೇರೆ. ರೆಕ್ಕೆಯಡಿ ಏನೇ ನೇತುಹಾಕಿದರೂ ರೇಡಾರ್‌ಗೆ ಕಾಣುತ್ತದೆ, ಆದ್ದರಿಂದ ಆಯುಧಗಳು ಹೊಟ್ಟೆಯೊಳಗೇ ಹಿಡಿಯಬೇಕು. ಮೀಟರ್ ಉದ್ದದ ಅಲೆ ಬಳಸುವ ಹಳೆಯ ಕಾಲದ ರೇಡಾರ್‌ಗೆ ಸ್ಟೆಲ್ತ್ ಅಷ್ಟಾಗಿ ಮೋಸ ಮಾಡಲಾರದು. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಎಫ್-117 ಉರುಳಿದ್ದು ಅಂಥ ರೇಡಾರ್ ಮತ್ತು 1960ರ ದಶಕದ ಕ್ಷಿಪಣಿಯಿಂದ.

ನಮ್ಮ ಎಎಂಸಿಎ ಬೆಂಗಳೂರಿನ ಸರ್ಕಾರಿ ಸಂಸ್ಥೆ ಎಡಿಎ (ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ) ವಿನ್ಯಾಸ ಮಾಡುತ್ತಿರುವ ಎರಡು ಎಂಜಿನ್ನಿನ, 25 ಟನ್ ತೂಕದ ಸ್ಟೆಲ್ತ್ ವಿಮಾನ. 2024ರಲ್ಲಿ ಮಂಜೂರಾದ ಸುಮಾರು 15,000 ಕೋಟಿ ರೂಪಾಯಿ ವಿನ್ಯಾಸ ಮತ್ತು ಮೊದಲ ಮಾದರಿಗಳಿಗೆ ಮಾತ್ರ. ವಾಯುಪಡೆಗೆ ವಿಮಾನ ಮಾಡಿಕೊಡುವ ಖರ್ಚು ಬೇರೆ, ಅದನ್ನು ಸಾಕುವ ಖರ್ಚು ಇನ್ನೂ ಬೇರೆ. ಒಂದಕ್ಕೆ ಎಷ್ಟು ಕೋಟಿ ಅಂತ ಕೇಳುವ ಮೊದಲು, ಒಂದು ಪ್ಯಾನೆಲ್ ಬಿಚ್ಚಿ, ಲೇಪನ ಹಚ್ಚಿ ಮತ್ತೆ ಹಾರಿಸಲು ಎಷ್ಟು ಗಂಟೆ ಬೇಕು ಅಂತ ವಿನ್ಯಾಸಕಾರರನ್ನು ಈಗಲೇ ಕೇಳುವುದು ಒಳ್ಳೆಯದು.