ವೇಪ್ ನಿಷೇಧ: ಗುಟ್ಕಾ ಕಥೆ ಕಂಡ ಊರಿನಿಂದ ಒಂದು ಹಿನ್ನೋಟ

ವೇಪ್ ಅನ್ನು, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟನ್ನು, 2019ರಲ್ಲಿ ನಮ್ಮ ದೇಶದಲ್ಲಿ ಯಾಕೆ ನಿಷೇಧ ಮಾಡಿದರು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಮಕ್ಕಳನ್ನು ಉಳಿಸೋಕೆ ಅಂತ ಸರ್ಕಾರ ಹೇಳುತ್ತದೆ. ಸಿಗರೇಟ್ ಕಂಪನಿಗಳನ್ನು ಉಳಿಸೋಕೆ ಅಂತ ವೇಪ್ ಪರ ಇರುವವರು ಹೇಳುತ್ತಾರೆ. ಎರಡರಲ್ಲೂ ಒಂದಿಷ್ಟು ಸತ್ಯ ಇದೆ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ನೋಡಿದರೆ ನನಗೆ ಮೂರನೇ ಕಾರಣವೇ ದೊಡ್ಡದಾಗಿ ಕಾಣುತ್ತದೆ. ನಿಷೇಧ ಬಂದಾಗ ವೇಪ್ ಬೆನ್ನಿಗೆ ನಮ್ಮಲ್ಲಿ ಯಾರೂ ಇರಲಿಲ್ಲ. ಅದನ್ನು ಬೆಳೆಯುವ ರೈತ ಇಲ್ಲ, ಸುತ್ತುವ ಕಾರ್ಮಿಕ ಇಲ್ಲ, ಓಣಿಗೊಂದು ಅಂಗಡಿ ಇಲ್ಲ. ತಡೆಯೋದು ಸುಲಭ ಇತ್ತು, ತಡೆದರು.

ಇದನ್ನು ತಿಳಿಯಬೇಕಾದರೆ ಮೊದಲು ಗುಟ್ಕಾ ಕಥೆಗೆ ಹೋಗಬೇಕು. ಗುಟ್ಕಾ ನಿಲ್ಲಿಸೋಕೆ ರಾಜ್ಯಗಳು ಮೊದಲೇ ಪ್ರಯತ್ನ ಮಾಡಿದ್ದವು, ಆದರೆ ನಿಮಗೆ ಆ ಅಧಿಕಾರ ಇಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದಾರಿ ತೆರೆದದ್ದು 2011ರಲ್ಲಿ ಬಂದ ಆಹಾರ ಸುರಕ್ಷತೆಯ ನಿಯಮ. ತಿನ್ನುವ ಯಾವ ಪದಾರ್ಥದಲ್ಲೂ ತಂಬಾಕು ಮತ್ತು ನಿಕೋಟಿನ್ ಇರಬಾರದು ಅಂತ ಅದು ಹೇಳಿತು. ಅದನ್ನೇ ಹಿಡಿದು 2012ರಲ್ಲಿ ಮಧ್ಯಪ್ರದೇಶ ಗುಟ್ಕಾ ನಿಷೇಧ ಮಾಡಿತು. 2013ರ ಮೇ ಕೊನೆಯಲ್ಲಿ, ಸಿದ್ದರಾಮಯ್ಯ ಮುಖ್ಯಮಂತ್ರಿ ಆಗಿ ಸ್ವಲ್ಪ ದಿನಕ್ಕೇ, ಕರ್ನಾಟಕವೂ ಮಾಡಿತು.

ಆಮೇಲೆ ಏನಾಯಿತು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಪ್ಯಾಕೆಟ್ ಎರಡಾಯಿತು, ಅಷ್ಟೇ. ಪಾನ್ ಮಸಾಲಾ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಎರಡೂ ಬೇರೆ ಬೇರೆಯಾಗಿ ಕಾನೂನಿನ ಪ್ರಕಾರ ಸರಿ, ಬಾಯಿಗೆ ಬಿದ್ದ ಮೇಲೆ ಮತ್ತೆ ಅದೇ ಗುಟ್ಕಾ. ಹುಬ್ಬಳ್ಳಿಯ ದುರ್ಗದಬೈಲ್ ಇರಲಿ, ಗದಗ ಬಸ್ ಸ್ಟ್ಯಾಂಡ್ ಇರಲಿ, ಹಾವೇರಿ ಕಡೆಯ ಯಾವುದೇ ಸಂತೆ ಇರಲಿ, "ಎರಡೂ ಕೊಡ್ರಿ" ಅಂದರೆ ಪಾನ್ ಅಂಗಡಿಯವರಿಗೆ ಅರ್ಥ ಆಗುತ್ತದೆ. ಈ ಜೋಡಿ ಪ್ಯಾಕೆಟ್ ಆಟವನ್ನು 2016ರಲ್ಲಿ ಸುಪ್ರೀಂ ಕೋರ್ಟೇ ಗಮನಿಸಿತು, ನಿಷೇಧವನ್ನು ಸರಿಯಾಗಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಆದರೂ ಮಾರಾಟ ನಿಂತಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ 22.8ರಷ್ಟು ವಯಸ್ಕರು ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಜಾಸ್ತಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಕಡೆ ಒಮ್ಮೆ ಹೋಗಿ ಬಂದವರಿಗೆ ಇದು ಬರೀ ಅಂಕಿ ಅನಿಸೋದಿಲ್ಲ.

ಈಗ ವೇಪ್ ವಿಷಯ. ಇವತ್ತಿನ ರೂಪದ ಇ-ಸಿಗರೇಟನ್ನು 2003ರ ಹೊತ್ತಿಗೆ ಮಾಡಿದ್ದು ಚೀನಾದ ಔಷಧ ತಜ್ಞ ಹೊನ್ ಲಿಕ್. ಒಂದು ಬ್ಯಾಟರಿ, ಬಿಸಿಯಾಗುವ ಒಂದು ಸಣ್ಣ ಸುರುಳಿ ತಂತಿ, ಆ ಬಿಸಿಗೆ ಆವಿಯಾಗುವ ಒಂದಿಷ್ಟು ದ್ರವ. ದ್ರವದಲ್ಲಿ ಪ್ರೊಪೈಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್, ಹೆಚ್ಚಿನವುಗಳಲ್ಲಿ ನಿಕೋಟಿನ್. ಎಲೆ ಸುಡುವುದಿಲ್ಲ, ಹಾಗಾಗಿ ಟಾರು ಇಲ್ಲ. ಸಿಗರೇಟಿಗಿಂತ ಇದು ಶೇ 95ರಷ್ಟು ಕಡಿಮೆ ಅಪಾಯ ಅಂತ 2015ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಆ ಅಂಕಿಯ ಬಗ್ಗೆ ಆಗಿನಿಂದಲೂ ಜಗಳ ಇದೆ. ಆದರೆ ಸಿಗರೇಟ್ ಬಿಡಲಾಗದ ಐವತ್ತು ವರ್ಷದವರ ಕೈಲಿ ಇರುವ ವೇಪ್ ಬೇರೆ, ಯಾವತ್ತೂ ಸೇದದ ಹದಿನಾರರ ಹುಡುಗನ ಕೈಲಿ ಇರುವ ಮಾವಿನ ಫ್ಲೇವರಿನ ವೇಪ್ ಬೇರೆ ಅಲ್ವಾ? ಅದರ ಮೇಲೆ ನಿಕೋಟಿನ್ ಸಾಲ್ಟ್, ಅಂದರೆ ಆಮ್ಲ ಬೆರೆಸಿ ಮೃದು ಮಾಡಿದ ನಿಕೋಟಿನ್, ಬಂದ ಮೇಲೆ ಗಂಟಲು ಉರಿಯದೆ ತುಂಬಾ ನಿಕೋಟಿನ್ ಎಳೆದುಕೊಳ್ಳಬಹುದು. ಅಮೆರಿಕದಲ್ಲಿ ಜೂಲ್ ಅನ್ನೋ ವೇಪ್ ಕಂಪನಿ ಹೈಸ್ಕೂಲ್ ಮಕ್ಕಳವರೆಗೆ ಹಬ್ಬಿದ್ದು ಹೀಗೇ.

ನಮ್ಮ ಕಾನೂನಿನ ಯಾವ ಖಾನೆಗೂ ಸೇರದ ವಸ್ತು ಇದಾಗಿತ್ತು. 2003ರ ತಂಬಾಕು ಕಾಯ್ದೆ, ಅಂದರೆ ಕೋಟ್ಪಾ, ತಂಬಾಕಿನ ಪದಾರ್ಥಗಳಿಗೆ ಮಾತ್ರ, ವೇಪ್‌ನಲ್ಲಿ ತಂಬಾಕಿನ ಎಲೆಯೇ ಇಲ್ಲ. ಔಷಧ ಅನ್ನೋಣ ಅಂದರೆ ಯಾರೂ ಅದನ್ನು ಔಷಧ ಅಂತ ಮಾರುತ್ತಿರಲಿಲ್ಲ. ಆದರೂ ಪಂಜಾಬ್ ಮೊದಲು ಔಷಧ ಕಾನೂನಿನ ಮೇಲೆಯೇ ಕ್ರಮಕ್ಕೆ ಇಳಿಯಿತು. 2016ರ ಜೂನ್‌ನಲ್ಲಿ ಕರ್ನಾಟಕ ನಿಷೇಧ ಹೊರಡಿಸಿತು. 2018ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎಲ್ಲ ರಾಜ್ಯಗಳಿಗೆ ಮಾರಾಟ ನಿಲ್ಲಿಸಿ ಅಂತ ಸಲಹೆ ಕಳಿಸಿತು. ಆದರೆ 2019ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಇದು ಮೇಲ್ನೋಟಕ್ಕೆ ಔಷಧ ಅಲ್ಲ ಅಂತ ಹೇಳಿ ಕೇಂದ್ರದ ಸುತ್ತೋಲೆಗೆ ತಡೆ ಕೊಟ್ಟಿತು. ಅಲ್ಲಿಗೆ ಹಳೇ ದಾರಿ ಮುಚ್ಚಿತು, ಹೊಸ ಕಾನೂನೇ ಬೇಕಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪೂರ್ತಿ ನಿಷೇಧ ಮಾಡಿ ಅಂತ ಶಿಫಾರಸು ಮಾಡಿತು. ಬೇಸಿಗೆ ಕಳೆಯೋದರಲ್ಲಿ ಅಮೆರಿಕದಿಂದ ಶ್ವಾಸಕೋಶ ಹಾಳಾದ ಹುಡುಗರ ಸುದ್ದಿ ಬರತೊಡಗಿತು. ಆ ಕಾಯಿಲೆಗೆ ಮುಖ್ಯ ಕಾರಣ ಗಾಂಜಾ ಅಂಶದ ವೇಪ್‌ಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅಂತ ಗೊತ್ತಾಗಿದ್ದು ಆಮೇಲೆ. ಜೂಲ್ ಭಾರತಕ್ಕೆ ಬರುವ ತಯಾರಿಯಲ್ಲೂ ಇತ್ತು. 2019ರ ಸೆಪ್ಟೆಂಬರ್ 18ರಂದು ನಿರ್ಮಲಾ ಸೀತಾರಾಮನ್ ಸುಗ್ರೀವಾಜ್ಞೆಯ ಘೋಷಣೆ ಮಾಡಿದರು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ 3 ವರ್ಷ ಮತ್ತು 5 ಲಕ್ಷದವರೆಗೆ. ದಾಸ್ತಾನಿಗೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದುವುದಕ್ಕೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ.

ಘೋಷಣೆ ಆದ ದಿನವೇ ಸಿಗರೇಟ್ ಕಂಪನಿಗಳ ಷೇರು ಏರಿತು. ದೇಶದ ದೊಡ್ಡ ಸಿಗರೇಟ್ ಕಂಪನಿ ಐಟಿಸಿಯಲ್ಲಿ ಎಲ್‌ಐಸಿ, ಸರ್ಕಾರದ ಕೈಗೆ ಬಂದ ಯುಟಿಐನ ಹಳೇ ಪಾಲು, ಸರ್ಕಾರಿ ವಿಮಾ ಕಂಪನಿಗಳು ಎಲ್ಲ ಸೇರಿಸಿದರೆ ಸರ್ಕಾರಕ್ಕೆ ಸೇರಿದ ಷೇರು ಕಾಲುಭಾಗಕ್ಕಿಂತ ಜಾಸ್ತಿ ಇತ್ತು. ಸಿಗರೇಟಿನಿಂದ ಬರುವ ತೆರಿಗೆ ಬೇರೆ. ತಂಬಾಕು ಬೆಳೆಗಾರರ ಸಂಘಟನೆ ಕೂಡ ನಿಷೇಧವನ್ನು ಸ್ವಾಗತಿಸಿತು. ಅನುಮಾನ ಬರೋದು ಸಹಜ. ಆದರೆ ಇದನ್ನು ಬರೀ ಪಿತೂರಿ ಅನ್ನೋಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಐಟಿಸಿ ಆಗ ತನ್ನದೇ ಇ-ಸಿಗರೇಟನ್ನೂ ಮಾರುತ್ತಿತ್ತು, ಅದೂ ಮುಚ್ಚಿಹೋಯಿತು. ಪಂಜಾಬ್, ಕರ್ನಾಟಕ ಮೊದಲೇ ನಿಷೇಧ ಮಾಡಿದ್ದಾಗ ಈ ಷೇರಿನ ಲೆಕ್ಕ ಅವರಿಗೆ ಇರಲಿಲ್ಲ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಆಗ ದೇಶದಲ್ಲಿ ವೇಪ್ ಬಳಸುತ್ತಿದ್ದ ವಯಸ್ಕರು 2016-17ರ ಅದೇ ತಂಬಾಕು ಸಮೀಕ್ಷೆ ಪ್ರಕಾರ ಶೇ 0.02. ತಂಬಾಕು ಬಳಸುವವರು ಸುಮಾರು 26.7 ಕೋಟಿ. ಮೊದಲನೆಯದಕ್ಕೆ ಸುಗ್ರೀವಾಜ್ಞೆ ಬಂತು. ಎರಡನೆಯದಕ್ಕೆ ಪ್ಯಾಕೆಟ್ ಮೇಲಿನ ಎಚ್ಚರಿಕೆ ಚಿತ್ರವನ್ನು ಶೇ 85ಕ್ಕೆ ಏರಿಸೋಕೇ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಯಿತು: ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತು, ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟ ಮೇಲೆ ಅದು ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಂತೂ ಜಿಎಸ್‌ಟಿ ಮಂಡಳಿ ಬೀಡಿ ಮೇಲಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ನಿಜ, ನಿಪ್ಪಾಣಿಯ ತಂಬಾಕು ರೈತರ ಕಷ್ಟವೂ ನಿಜ. 1981ರಲ್ಲಿ ರೈತ ನಾಯಕ ಶರದ್ ಜೋಶಿ ಮುಂದಾಳತ್ವದಲ್ಲಿ ಅವರು ಬೆಲೆಗಾಗಿ ಹೆದ್ದಾರಿಯಲ್ಲಿ ಕೂತಾಗ ಗೋಲಿಬಾರ್ ಆಗಿ ರೈತರು ಸತ್ತರು. ಅಂಥ ಜನ ಹಿಂದೆ ಇರುವ ಪದಾರ್ಥವನ್ನು ಮುಟ್ಟೋಕೆ ಯಾವ ಸರ್ಕಾರವೂ ಹೆದರುತ್ತದೆ. ಅವರಿಗೆ ಬೇರೆ ಬೆಳೆ, ಬೇರೆ ಕೆಲಸ ಕೊಡುವ ಕಷ್ಟದ ದಾರಿ ಬಿಟ್ಟು ಸುಲಭದ್ದನ್ನು ಹಿಡಿದರು.

ಸುಲಭದ್ದನ್ನಾದರೂ ಪೂರ್ತಿ ಮಾಡಿದರಾ? ಕಾಯ್ದೆ ಸಬ್ ಇನ್‌ಸ್ಪೆಕ್ಟರ್‌ಗೆ ಹುಡುಕುವ, ಜಪ್ತಿ ಮಾಡುವ ಅಧಿಕಾರ ಕೊಟ್ಟಿದೆ. ಆದರೂ 2023ರ ಮೇ ತಿಂಗಳಲ್ಲಿ ಕೇಂದ್ರವೇ, ಈ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಮತ್ತೆ ಸಾರ್ವಜನಿಕ ಪ್ರಕಟಣೆ ಕೊಡಬೇಕಾಯಿತು. ಧಾರವಾಡದ ಸಪ್ತಾಪುರದಂಥ ಕಡೆ, ಊರು ಬಿಟ್ಟು ಬಂದ ಸಾವಿರಾರು ಹುಡುಗರು ಹಾಸ್ಟೆಲ್, ಪಿಜಿಗಳಲ್ಲಿ ಇರುವಾಗ, ಪೆನ್ ಡ್ರೈವ್‌ನಷ್ಟು ಇರುವ, ವಾಸನೆಯೂ ನಿಲ್ಲದ ಈ ವಸ್ತುವನ್ನು ಹುಡುಕೋದು ಪೊಲೀಸರಿಗೂ ಕಷ್ಟ, ವಾರ್ಡನ್‌ಗೂ ಕಷ್ಟ, ಹಳ್ಳಿಯಲ್ಲಿರುವ ಅಪ್ಪ ಅಮ್ಮನಿಗಂತೂ ಗೊತ್ತೇ ಆಗುವುದಿಲ್ಲ. ಬ್ರಿಟನ್‌ನಲ್ಲಿ ವೇಪ್ ಮಾರಬಹುದು, ಆದರೆ ದ್ರವದಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟಬಾರದು, ಬಳಸಿ ಬಿಸಾಡುವ ವೇಪ್ 2025ರ ಜೂನ್‌ನಿಂದ ಅಲ್ಲೂ ಬಂದ್. ನಮ್ಮಲ್ಲಿ ಕದ್ದು ಬರುವ ಮಾಲಿಗೆ ಅಳತೆಯೂ ಇಲ್ಲ, ವಯಸ್ಸು ಕೇಳುವವರೂ ಇಲ್ಲ.

ನಿಷೇಧ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಹುಡುಗರ ವಿಷಯದಲ್ಲಿ ಅದು ಸರಿಯಾದ ತೀರ್ಮಾನ. ರಾಜ್ಯದ ಕೋಟ್ಪಾ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು ಹುಕ್ಕಾ ಬಾರ್ ನಿಷೇಧ ಮಾಡಿತು, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಇದೂ ಒಳ್ಳೆಯದೇ, ಆದರೆ ಕಾಲೇಜು ಗೇಟಿನ ಎದುರು ಯಾರು ವಯಸ್ಸು ಕೇಳುತ್ತಾರೆ ಅನ್ನೋದನ್ನು ನೋಡಬೇಕು. ಇನ್ನೊಂದು ವಿಷಯ ತಂದೆ ತಾಯಿಗಳಿಗೆ ಗೊತ್ತಿರಲಿ. ಸಿಗರೇಟ್ ಪ್ಯಾಕ್ ಮೇಲೆ ಚಟ ಬಿಡಲು ಸಹಾಯ ಮಾಡುವ ಉಚಿತ ಸಂಖ್ಯೆ ಇರುತ್ತದೆ: 1800-11-2356. ಕದ್ದು ಬರುವ ವೇಪ್ ಡಬ್ಬಿ ಮೇಲೆ ಅದು ಇರುವುದಿಲ್ಲ. ಮಗ ಸಿಕ್ಕಿಬಿದ್ದರೆ ಪೊಲೀಸ್ ಕೇಸಿನ ಹೆದರಿಕೆಯಲ್ಲಿ ಮುಚ್ಚಿಡಬೇಡಿ, ಸೇದಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಮೊದಲು ಆ ನಂಬರಿಗೆ ಫೋನ್ ಮಾಡಿಸಿ, ಆಮೇಲೆ ಮಾರಿದವನ ಬಗ್ಗೆ ಠಾಣೆಗೆ ದೂರು ಕೊಡಿ.